ಅತ್ತೆಯ ಜೊತೆ ಸಮುದ್ರದ ದಂಡೆಗೆ

ನನ್ನ ಅತ್ತೆಯ ಎಡಗಿವಿಯ ಹಾಲೆ ಹರಿದು ಎರಡು ಎಳೆಯಾಗಿ ಜೋತಾಡುತ್ತಿತ್ತು. ಪ್ರಾಯದಲ್ಲಿ ಹೊಲದಿಂದ ಒಬ್ಬಳೇ ಬರುವಾಗ ಕಳ್ಳನೊಬ್ಬ ಹಿಂದಿನಿಂದ ಬಂದು ಬೆಂಡವಾಲಿಗೆ ಕೈ ಹಾಕಿ ಜಗ್ಗಿದನಂತೆ. ಕಿವಿ ಹರಿಯಿತು, ಆದರೆ ಅವನ ಕೈ ಅತ್ತೆಯ ಹಲ್ಲಿಗೆ ಸಿಕ್ಕಿತು. ಚೀರಿಕೊಂಡು ಬೆಂಡವಾಲಿಯನ್ನು ಅಲ್ಲೇ ಚೆಲ್ಲಿ ಓಡಿದ. ಆಮೇಲೆ ಆಕೆ ಬಲಗಿವಿಯೊಂದಕ್ಕೇ ಬೆಂಡವಾಲಿ ಇಟ್ಟುಕೊಂಡು ಓಡಾಡಿದಳು. ಅದನ್ನು ನೋಡಿ ನಕ್ಕವರ ಮುಖವನ್ನು ನೆನಪಿಟ್ಟುಕೊಳ್ಳುತ್ತಿದ್ದಳು. ಎದುರಿಗಿದ್ದವರ ಮಾತು ಕೇಳುವ ಮನಸ್ಸಿಲ್ಲದಾಗ ಆ ಹರಿದ ಕಿವಿಯನ್ನು ಅವರ ಕಡೆ ಮಾಡಿ ಕೂಡುವುದು ಆಕೆಯ ರೂಢಿ. ಗಂಡನ ಮನೆಯಲ್ಲಿ ನಾನು ಆಕೆಯ ಮುಖ ನೋಡಿದ್ದಕ್ಕಿಂತ ಆ ಕಿವಿ ನೋಡಿದ್ದೇ ಹೆಚ್ಚು.

ನನ್ನ ತವರು ಸೊಲ್ಲಾಪುರ. ನವಿ ಪೇಠದಲ್ಲಿ ಅಪ್ಪನದು ಸೀರೆ, ಖಣಗಳ ಸಣ್ಣ ಅಂಗಡಿ. ಸಾಲೆಯಲ್ಲಿ ಮರಾಠಿ ಕಲಿತೆ. ಕನ್ನಡದ ಅಕ್ಷರಗಳನ್ನು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಪ್ಪನೇ ಕಲಿಸಿದ. ಅಕ್ಕಲಕೋಟೆ ಹತ್ತಿರದ ನಾಗಣಸೂರದ ರೈತರೊಬ್ಬರು ಬಟ್ಟೆ ಕೊಳ್ಳಲು ಬಂದವರು, ನಾನು ಅಪ್ಪನಿಗೆ ಪತ್ರಿಕೆ ಓದಿ ಹೇಳುವುದನ್ನು ಕಂಡು, ಬಟ್ಟೆಯ ಗಂಟು ಕಟ್ಟಿಸುವಷ್ಟರಲ್ಲಿ ತಮ್ಮ ಮಗನಿಗೆ ಹೆಣ್ಣು ಗೊತ್ತುಮಾಡಿಬಿಟ್ಟರು. ಅವರೇ ನನ್ನ ಮಾವ. ಅತ್ತೆಯಾದರೋ ತನ್ನ ತಮ್ಮನ ಮಗಳನ್ನೇ ಸೊಸೆಯಾಗಿ ತರಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದಳು. ವೀಳ್ಯ ಮುಗಿದ ಮೇಲೆ ಆಕೆಗೆ ಸುದ್ದಿ ತಿಳಿಯಿತು. ನಾನು ಗಂಡನ ಮನೆಗೆ ನಡೆಯಲು ಬಂದ ವರ್ಷವೇ ಮಾವ ತೀರಿಕೊಂಡರು. ಅಲ್ಲಿಗೆ ಆ ಮನೆಯಲ್ಲಿ ನನ್ನ ಪರವಾಗಿದ್ದವರು ಯಾರೂ ಉಳಿಯಲಿಲ್ಲ.

ಅತ್ತೆ ನನ್ನ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ನಾನು 'ಪ್ಯಾಟಿಯಾಕಿ'. ಆಳುಗಳ ಮುಂದೆಯೂ ಅದೇ, ಬೀಗರ ಮುಂದೆಯೂ ಅದೇ. ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಮಾತಿಲ್ಲದೆ ಒಯ್ದು ಎಮ್ಮೆಯ ಮುಂದೆ ಇಡುತ್ತಿದ್ದಳು. ಎಮ್ಮೆ ತಿನ್ನುವವರೆಗೆ ನಿಂತು ನೋಡಿ, "ದನಕ್ಕ ಸೇರ್ತೈತಿ" ಅನ್ನುತ್ತಿದ್ದಳು. ನಾನೂ ಸುಮ್ಮನಿರುವ ಹೆಣ್ಣಾಗಿರಲಿಲ್ಲ. ಬಳೆಗಾರ, ಪಾತ್ರೆಯವ, ಯಾರೇ ಬಾಗಿಲಿಗೆ ಬರಲಿ, ಅವರ ಜೊತೆ ಬೇಕೆಂದೇ ಚುರುಕು ಮರಾಠಿಯಲ್ಲಿ ಮಾತಾಡಿ ನಗುತ್ತಿದ್ದೆ. ಸಂತೆಯ ಮರಾಠಿಗಿಂತ ಹೆಚ್ಚು ಬಾರದ ಅತ್ತೆ, ಅದು ತನ್ನ ಬಗೆಗಿನ ಮಾತೇ ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದಳು. ಎಷ್ಟೋ ಸಲ ಅದು ಆಕೆಯ ಬಗೆಗಿನ ಮಾತೇ ಆಗಿರುತ್ತಿತ್ತು.

ಆಕೆಯ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಮಾತು 'ಮುಂದ ನಡಿ.' ಎತ್ತಿಗೂ ಅದೇ, ಕಳೆ ತೆಗೆಯುವ ಹೆಂಗಸರಿಗೂ ಅದೇ. ಒಮ್ಮೆ ಕಣದಲ್ಲಿ ರಾಶಿ ನಡೆದಿದ್ದಾಗ ನೆರೆಯವರ ಎತ್ತು ಹಾಯ್ದು ಆಕೆಯ ಮುಂಗೈ ಮುರಿಯಿತು. ಬಟ್ಟೆ ಸುತ್ತಿಕೊಂಡು, ರಾಶಿ ಮುಗಿಯುವವರೆಗೆ ಅಲ್ಲೇ ನಿಂತಳು. ಅಯ್ಯೋ ಅನ್ನಲು ಬಂದವರಿಗೂ "ಮುಂದ ನಡೀರಿ" ಅಂದಳು.

ಇನ್ನು ಆಕೆಯ ಒಬ್ಬನೇ ಮಗ, ನನ್ನ ಗಂಡ. ಅವನಿಗೆ ಹೊಲ ಸೇರುತ್ತಿರಲಿಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸರ್ವೀಸ್ ಮೋಟಾರು ಬರತೊಡಗಿದ ಮೇಲಂತೂ ಅವನು ಮನೆಯಲ್ಲಿ ಕಾಣುವುದೇ ಅಪರೂಪವಾಯಿತು. ಮೊದಲು ಡ್ರೈವರನ ಪಕ್ಕದಲ್ಲಿ ಕೂತು ತಿರುಗಿದ, ಆಮೇಲೆ ತಾನೇ ಓಡಿಸಲು ಕಲಿತ. ಒಂದು ದಿನ ಕೊಲ್ಹಾಪುರದ ಕಡೆ ಕೆಲಸ ಸಿಕ್ಕಿದೆ ಎಂದು ಹೋದವನು ಒಂದೆರಡು ಸಲ ಯಾರ ಕೈಯಲ್ಲೋ ಸುದ್ದಿ ಕಳಿಸಿದ. ಆಮೇಲೆ ಅದೂ ನಿಂತಿತು. ಅವನು ಹೋದದ್ದು ನನ್ನಿಂದಲೇ ಎಂದು ಅತ್ತೆ ಊರಿಗೆಲ್ಲ ಹೇಳಿದಳು. "ಸೆರಗಿನಾಗ ಗಂಡನ ಹಿಡಿದು ಇಟ್ಕೊಳ್ಳಾಕ ಬಾರದಾಕಿ" ಅಂದಳು. ನನಗಾದರೆ ಅವನು ಆಕೆಯಿಂದ ತಪ್ಪಿಸಿಕೊಂಡು ಹೋದನೆಂದೇ ಅನ್ನಿಸುತ್ತಿತ್ತು. ಹೀಗೆ ಒಂದೇ ಸೂರಿನ ಕೆಳಗೆ, ಇಲ್ಲದವನೊಬ್ಬನನ್ನು ನಡುವೆ ಇಟ್ಟುಕೊಂಡು, ನಾವಿಬ್ಬರು ಹೆಂಗಸರು ಕೆಲವು ವರ್ಷ ಕಾದಾಡಿದೆವು.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ತೆಂಗಿನಕಾಯಿ ತರಲು ಕೊಂಕಣಕ್ಕೆ ಹೋಗಿಬಂದ ಅಕ್ಕಲಕೋಟೆಯ ವ್ಯಾಪಾರಿಯೊಬ್ಬ, ರತ್ನಾಗಿರಿಯಲ್ಲಿ ಅವನನ್ನು ಕಂಡೆನೆಂದು ಹೇಳಿದ. ಬಂದರಿನಿಂದ ಪೇಟೆಗೆ ಸಾಮಾನು ಸಾಗಿಸುವ ಮೋಟಾರು ಓಡಿಸುತ್ತಾನೆ, ಮನೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗಿದೆ ಅಂದ. ಮುಂದೆ ಏನೋ ಹೇಳಬೇಕೆಂದು ಬಾಯಿ ತೆರೆದವನು ನನ್ನನ್ನು ನೋಡಿ ತೆಂಗಿನಕಾಯಿಯ ಬೆಲೆಗೆ ಮಾತು ತಿರುಗಿಸಿದ.

ಅತ್ತೆಯ ತಮ್ಮ ತಾನು ಹೋಗಿಬರುತ್ತೇನೆ ಅಂದ. ಆಕೆ ಒಪ್ಪಲಿಲ್ಲ. ಬಿಳಿಜೋಳದ ಬಿತ್ತಿಗೆ ಮುಗಿದ ಮರುದಿನ ನನ್ನನ್ನು ಕರೆದು, "ಸೀರಿ ಗಂಟು ಕಟ್ಟು. ನೀನೂ ಬರಬೇಕು" ಅಂದಳು. ನಾನ್ಯಾಕೆ ಎಂದು ಕೇಳಿದೆ.

"ಆ ಕಡಿ ಎಲ್ಲಾ ಮರಾಠಿ. ನನಗ ಬಾಯಿ ಬೇಕು. ಅದಕ್ಕ ಕರಕೊಂಡು ಹೊಂಟೀನಿ, ಮತ್ತ್ಯಾತಕ್ಕೂ ಅಲ್ಲ."

ಸೊಲ್ಲಾಪುರಕ್ಕೆ ಬಂದು ರೈಲು ಹಿಡಿದೆವು. ಕುರ್ಡುವಾಡಿಯಲ್ಲಿ ಇಳಿದು ಪಂಢರಪುರದ ಮೇಲೆ ಹೋಗುವ ಸಣ್ಣ ಗಾಡಿ ಹತ್ತಿ ಮಿರಜಿಗೆ, ಅಲ್ಲಿಂದ ಕೊಲ್ಹಾಪುರಕ್ಕೆ. ಆ ಪ್ರಯಾಣದುದ್ದಕ್ಕೂ ನಾವು ಆಡಿದ ಮಾತು ಒಂದು ಹಿಡಿಯಲ್ಲಿ ಹಿಡಿಯಬಹುದಿತ್ತು. ಆಕೆ ತನ್ನ ರೊಟ್ಟಿಯ ಬುತ್ತಿಯನ್ನು ತಾನೇ ಕಟ್ಟಿಕೊಂಡಿದ್ದಳು, ನಾನು ನನ್ನದನ್ನು. ಎದುರಿಗೆ ಕೂತ ಹೆಂಗಸೊಬ್ಬಳು ನಾವು ತಾಯಿ-ಮಗಳೇನು ಎಂದು ಕೇಳಿದಾಗ ಇಬ್ಬರೂ ಒಟ್ಟಿಗೇ "ಅಲ್ಲ" ಅಂದೆವು. ಅಷ್ಟು ಒಮ್ಮತದಿಂದ ನಾವು ಬೇರೇನನ್ನೂ ಹೇಳಿದ್ದಿಲ್ಲ.

ಕೊಲ್ಹಾಪುರದಿಂದ ಸಮುದ್ರದ ದಂಡೆಗೆ ಮೋಟಾರು ಬೆಳಿಗ್ಗೆ ಹೊರಡುತ್ತಿತ್ತು. ಮುಂದೆ ಕೂತವನು ಇಳಿದು ಹ್ಯಾಂಡಲು ತಿರುವಿ ತಿರುವಿ ಬೆವತ ಮೇಲೆ ಇಂಜಿನು ಕೆಮ್ಮಿ ಎದ್ದಿತು. ಎರಡು ಬದಿಗೂ ಕಿಟಕಿಯಿಲ್ಲ, ಸುತ್ತಿಟ್ಟ ಕಿತ್ತಾನಿನ ಪರದೆ. ನೆತ್ತಿಯ ಮೇಲೆ ಬೆಲ್ಲದ ಪೆಂಟೆಗಳು. ಹೆಂಗಸರಿಗೆ ಹಿಂದಿನ ಹಲಗೆ. ತಗ್ಗು ಬಂದಾಗಲೆಲ್ಲ ಅದು ನಮ್ಮನ್ನು ಮೇಲಕ್ಕೆಸೆದು ಹಿಡಿಯುತ್ತಿತ್ತು. ಪೆಟ್ರೋಲಿನ ವಾಸನೆಗೆ ಅತ್ತೆ ಸೆರಗು ಮೂಗಿಗೆ ಹಿಡಿದಳು. ಮಗನನ್ನು ತನ್ನಿಂದ ಕಿತ್ತುಕೊಂಡ ಆ ವಾಹನದೊಳಗೆ ಆಕೆ ಕೂತದ್ದು ಅದೇ ಮೊದಲು. ಡ್ರೈವರನ ಬೆನ್ನನ್ನೇ ದುರುಗುಟ್ಟಿ ನೋಡುತ್ತ, ವೈರಿಯ ಮನೆಗೆ ಬಂದವಳ ಹಾಗೆ ಬಿಗಿದು ಕೂತಿದ್ದಳು.

ನನಗೆ ಮಾತ್ರ ಊರು ದಾಟಿದ ಕೂಡಲೇ ಕಣ್ಣು ಎಲ್ಲಿಡಬೇಕೆಂದು ತಿಳಿಯದಾಯಿತು. ರಸ್ತೆಯ ಎರಡೂ ಬದಿಗೆ ಆಳೆತ್ತರದ ಕಬ್ಬು, ಅದರ ನಡುವೆ ಬೆಲ್ಲ ಕಾಸುವ ಗಾಣಗಳ ಹೊಗೆ. ಗುಡ್ಡದ ಮೇಲೆ ಕೋಟೆಯ ಗೋಡೆ, ಗೋಡೆಯ ಮೇಲೆ ಮೋಡ. ನಮ್ಮ ಕಡೆ ಭೂಮಿ ಒಂದೇ ಬಣ್ಣದ್ದು, ಕಪ್ಪು. ಇಲ್ಲಿ ತಿರುವಿಗೊಂದು ಹಸಿರು, ಅದರಡಿಯಲ್ಲಿ ಕುಂಕುಮದಂಥ ಮಣ್ಣು. ಬೆಳೆದ ಭತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರಿನಲ್ಲಿ ನಿಂತಿತ್ತು. ನನಗೆ ಅರಿವಿಲ್ಲದೆ "ಎಷ್ಟು ಛಂದ ಐತಿ" ಅಂದುಬಿಟ್ಟೆ.

"ಏನ್ ಛಂದ" ಅಂದಳು ಅತ್ತೆ. "ಅಂಗೈಯಷ್ಟಗಲ ಹೊಲ. ಎತ್ತು ತಿರುಗಾಕ ಜಾಗಾ ಇಲ್ಲ. ಇಲ್ಲಿ ಬಂದು ಕುಂತಾನ ನೋಡು, ನಮ್ಮ ಎರಿ ಹೊಲ ಬಿಟ್ಟು."

ಮೋಟಾರು ಆಂಬಾ ಎಂಬ ಊರಿನಲ್ಲಿ ನಿಂತಿತು. ಅಲ್ಲಿಂದ ಮುಂದೆ ಘಾಟ ಇಳಿಯಬೇಕು. ಕೆಳಗಿನಿಂದ ಬರುವ ಮೋಟಾರು ಮೇಲೆ ಹತ್ತಿ ಬರುವವರೆಗೆ ಇಲ್ಲಿ ಕಾಯಬೇಕು. ಗಂಡಸರು ಚಹಾ ಕುಡಿಯಲು ಇಳಿದರು. ನಮ್ಮ ಹಲಗೆಯ ಮೇಲೆ ರತ್ನಾಗಿರಿಯವಳೇ ಆದ ಒಬ್ಬ ನಡುವಯಸ್ಸಿನ ಹೆಂಗಸು ಇದ್ದಳು. ಮಗಳ ಬಾಣಂತನ ಮುಗಿಸಿ ಊರಿಗೆ ಹೊರಟವಳು, ಮಾತಿನ ಮಲ್ಲಿ. ಎಲ್ಲಿಂದ ಬಂದಿರಿ, ಯಾರ ಮನೆಗೆ ಎಂದು ವಿಚಾರಿಸಿದಳು. ಸೊಲ್ಲಾಪುರದ ಕಡೆಯವನೊಬ್ಬ ಬಂದರಿನಲ್ಲಿ ಮೋಟಾರು ಓಡಿಸುತ್ತಾನಂತಲ್ಲ, ಅವನಲ್ಲಿಗೆ ಎಂದು ನಾನು ಹೇಳಿದೆ.

ಆಕೆಯ ಮುಖ ಅರಳಿತು. ಅವನನ್ನು ಯಾರು ಅರಿಯರು, ತಮ್ಮ ಓಣಿಯ ಅಳಿಯನಲ್ಲವೇ ಅಂದಳು. ಖಾಡಿಯ ದಂಡೆಯ ಮೀನುಗಾರರ ಮಗಳನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದಾನೆ, ಮಳೆಗಾಲದಲ್ಲಿ ಗಂಡು ಮಗು ಹುಟ್ಟಿತು, ನೀವು ಮಗುವನ್ನು ನೋಡಲು ಬಂದಿರಬೇಕು, ಒಳ್ಳೆಯದಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಕೊಂಕಣದ ಆ ರಾಗದ ಮರಾಠಿ ಅತ್ತೆಯ ಕಿವಿಗೆ ನಿಲುಕಲಿಲ್ಲ. ಆದರೆ ನನ್ನ ಮುಖ ನೋಡಿದಳು.

"ಏನಂದಳು?"

"ಅವರಿಗೆ ಅಲ್ಲಿ ಮನಿ ಐತಂತರಿ. ಹೆಂಡತಿ ಅದಾಳಂತ. ಗಂಡು ಕೂಸು ಹುಟ್ಟೇತಂತ."

ಅತ್ತೆ ಹರಿದ ಕಿವಿ ನನ್ನ ಕಡೆ ಮಾಡಿ, "ನೀ ಬರಾಬರ್ ಕೇಳಿಲ್ಲ" ಅಂದಳು. ಮೋಟಾರು ಹೊರಟಿತು.

ಆ ಘಾಟವನ್ನು ನಾನು ಮರೆಯುವ ಹಾಗಿಲ್ಲ. ಒಂದು ಪಕ್ಕ ಒದ್ದೆ ಬಂಡೆ, ಅದರ ಮೇಲಿಂದ ಇನ್ನೂ ತೊಟ್ಟಿಕ್ಕುವ ನೀರು; ಇನ್ನೊಂದು ಪಕ್ಕ ಏನೂ ಇಲ್ಲ, ಬರೀ ಆಳ. ಆಳದಲ್ಲಿ ಕಾಡಿನ ನೆತ್ತಿ, ಕಾಡಿನ ಮೇಲೆ ಬಿಳಿ ಹಕ್ಕಿಗಳ ಸಾಲು. ಹಕ್ಕಿಗಳನ್ನು ಬೆನ್ನಿನ ಕಡೆಯಿಂದ ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ತಿರುವುಗಳು ಮುಗಿಯುವಂತೆಯೇ ಇರಲಿಲ್ಲ. ಕಡೆಗೆ ಹೊರಗೆ ಬಾಗಿ ವಾಂತಿ ಮಾಡಿದೆ. ಅತ್ತೆ ನನ್ನ ಬೆನ್ನು ಮುಟ್ಟಲಿಲ್ಲ. "ಸೀರಿ ಮ್ಯಾಲ ಕೆಡವಬ್ಯಾಡ" ಅಂದಳು. ಆ ರತ್ನಾಗಿರಿಯ ಹೆಂಗಸೇ ನನ್ನ ಹಣೆ ಹಿಡಿದುಕೊಂಡಳು, ನೀರು ಕೊಟ್ಟಳು. ನಾನು ಯಾರು ಎಂದು ಆಕೆಗೆ ಗೊತ್ತಿರಲಿಲ್ಲ. ಅವಳ ಬೊಗಸೆಯ ನೀರು ಕುಡಿಯುವಾಗ ಗೊತ್ತಾಗಬಾರದು ಅನ್ನಿಸಿತು.

ಘಾಟ ಇಳಿಯುವಷ್ಟು ಹೊತ್ತೂ ಅತ್ತೆ ನನ್ನೊಡನೆ ಜಗಳವಾಡಿದಳು, ದನಿ ಏರಿಸದೆ, ಹಲ್ಲು ಕಚ್ಚಿಕೊಂಡು. ನಾನು ಬೇಕೆಂದೇ ಸುಳ್ಳು ಹೇಳುತ್ತಿದ್ದೇನೆ, ಆಕೆಗೆ ತಿಳಿಯದ ಭಾಷೆಯೊಳಗೆ ನಿಂತು ಆಕೆಯ ಮಗನ ಮೇಲೆ ಕೆಸರು ಎರಚುತ್ತಿದ್ದೇನೆ, ಮನೆಯಲ್ಲಿ ಬಳೆಗಾರರ ಮುಂದೆ ಮಾಡಿದ್ದನ್ನೇ ಇಲ್ಲೂ ಮಾಡುತ್ತಿದ್ದೇನೆ ಎಂದಳು. ನನಗೂ ತಡೆಯಲಾಗಲಿಲ್ಲ. "ಬಾಯಿ ಬೇಕು ಅಂತ ನೀವ ಕರಕೊಂಡು ಬಂದೀರಿ. ಬಾಯಿ ಹೇಳಿದ್ದು ಕೇಳ್ರಿ" ಅಂದೆ. ಪಕ್ಕದವರು ತಿರುಗಿ ನೋಡಿದರು.

ಬಿಸಿಲು ಇಳಿಯುವ ಹೊತ್ತಿಗೆ ದಿಬ್ಬವೊಂದನ್ನು ಏರಿ ತಿರುಗಿದಾಗ, ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಕಂಡಿತು. ಮೊದಲು ಅದು ಆಕಾಶವೇ ಅಂದುಕೊಂಡೆ. ನಂತರ ಅದು ಮಿನುಗಿ ಅಲುಗಾಡಿತು. ಮೋಟಾರಿನಲ್ಲಿದ್ದ ಘಟ್ಟದ ಮೇಲಿನವರೆಲ್ಲ ಎದ್ದು ನಿಂತು ನೋಡಿದರು; ಯಾರೋ ಕೈ ಮುಗಿದರು. ಅತ್ತೆ ಕೂತಲ್ಲಿಂದಲೇ ಕತ್ತು ಹೊರಳಿಸಿ ನೋಡಿ, "ಇಷ್ಟು ನೀರಾಗ ಒಂದು ಗುಟುಕು ಕುಡಿಯಾಕ ಬರೂದಿಲ್ಲಂತ" ಎಂದು ಮುಖ ತಿರುಗಿಸಿದಳು.

ಖಾಡಿಯ ದಂಡೆಯ ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೆಂಪು ಕಲ್ಲಿನ ಗಿಡ್ಡ ಗೋಡೆ, ತೆಂಗಿನ ಗರಿಯ ಮಾಡು, ಅಂಗಳದಲ್ಲಿ ಒಣಹಾಕಿದ ಬಲೆ. ಒಣಮೀನಿನ ವಾಸನೆಗೆ ಅತ್ತೆ ಮತ್ತೆ ಸೆರಗು ಎತ್ತಿದಳು. ಆಕೆಯ ಕೊರಳಲ್ಲಿ ಲಿಂಗವಿತ್ತು. ಮಗುವನ್ನು ತೋಳಿನಲ್ಲಿ ಹಿಡಿದುಕೊಂಡು ಹೊರಗೆ ಬಂದವಳು ನನಗಿಂತ ಸಣ್ಣವಳು. ತಲೆ ತೊಯ್ದಿತ್ತು, ಹಣೆಯಲ್ಲಿ ದೊಡ್ಡ ಕುಂಕುಮ. ದೂರದ ಊರಿನವರು, ದಣಿದವರು ಎಂದು ಕಂಡು ಚಾಪೆ ಹಾಸಿದಳು, ಎರಡು ಲೋಟ ನೀರು ತಂದಿಟ್ಟಳು. ನಾವು ಮುಟ್ಟಲಿಲ್ಲ.

"ಇವಳ ಗಂಡ ಎಲ್ಲಿಯಂವ ಅಂತ ಕೇಳು. ತಾಯಿ ತಂದಿ ಯಾರು ಅಂತ ಕೇಳು" ಅಂದಳು ಅತ್ತೆ.

ಕೇಳಿದೆ. ಆ ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು. ಸೊಲ್ಲಾಪುರದ ಕಡೆಯವರು. ತಂದೆ ಮೊದಲೇ ತೀರಿದ್ದರಂತೆ. ತಾಯಿ ಪ್ಲೇಗಿನಲ್ಲಿ ಸತ್ತರಂತೆ. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ ಎಂದು ಮರುಗಿಯೇ ತನ್ನ ಅಪ್ಪ ಹೆಣ್ಣು ಕೊಟ್ಟ ಅಂದಳು.

ಅತ್ತೆ ನನ್ನ ಮುಖ ನೋಡುತ್ತಿದ್ದಳು. ಆ ಮಾತನ್ನು ಕನ್ನಡಕ್ಕೆ ತಿರುಗಿಸಲು ನನಗೆ ಹೊತ್ತು ಹಿಡಿಯಿತು.

"ತಂದಿ ಇಲ್ಲಂತರಿ. ತಾಯಿ... ತಾಯಿ ಪ್ಲೇಗಿನಾಗ ಸತ್ತಾಳಂತ ಹೇಳ್ಯಾರಂತ."

ಈ ಸಲ ನಾನು ಸರಿಯಾಗಿ ಕೇಳಿಲ್ಲವೆಂದು ಆಕೆ ಅನ್ನಲಿಲ್ಲ. ಅಂಗಳದ ಬಲೆಯನ್ನು ನೋಡುತ್ತ ಕೂತಳು. ಅಲ್ಲಿಂದ ಕಣ್ಣು ತೆಗೆಯದೆಯೇ, "ನಿನ್ನ ಬಗ್ಗೆ?" ಅಂದಳು.

"ನನ್ನ ಬಗ್ಗೆ ಏನೂ ಹೇಳಿಲ್ಲರಿ."

ನನ್ನ ಗಂಡ ಬಂದಾಗ ಇನ್ನೂ ಬೆಳಕಿತ್ತು. ಕೈಗೆಲ್ಲ ಎಣ್ಣೆಯ ಮಸಿ, ಮೈ ತುಂಬಿಕೊಂಡಿತ್ತು. ಬೇಲಿಯ ಹತ್ತಿರ ನಮ್ಮನ್ನು ಕಂಡು ಅಲ್ಲೇ ನಿಂತ. "ಅವ್ವಾ" ಅಂದ. ಆ ಒಂದು ಶಬ್ದ ಆ ಹುಡುಗಿಗೂ ತಿಳಿಯಿತೆಂದು ಕಾಣುತ್ತದೆ. ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಳು.

"ನಿಮ್ಮವ್ವ ಸತ್ತಾಳಂತಲ್ಲ" ಅಂದಳು ಅತ್ತೆ.

ಅವನು ತಲೆ ತಗ್ಗಿಸಿ ಏನೇನೋ ಹೇಳಿದ. ಬರುವವನಿದ್ದೆ, ಹೇಗೆ ಬರಬೇಕೆಂದು ತಿಳಿಯಲಿಲ್ಲ, ಹಾಗೆ ಹೇಳದಿದ್ದರೆ ಇವರು ಮನೆಯೊಳಗೆ ಬಿಡುತ್ತಿರಲಿಲ್ಲ ಎಂದೆಲ್ಲ. ಆಮೇಲೆ ನನ್ನ ಕಡೆ ನೋಡದೆಯೇ ನನ್ನ ವಿಷಯಕ್ಕೆ ಬಂದ. ಸುಗ್ಗಿಗೆ ಇವಳನ್ನೂ ಮಗುವನ್ನೂ ಕರೆದುಕೊಂಡು ಊರಿಗೇ ಬರುತ್ತೇನೆ ಅಂದ. "ಇಕಿನೂ ಇರಲಿ, ಆಕಿನೂ ಇರಲಿ. ಹೊಲ ಐತಿ, ಮನಿ ಐತಿ. ಯಾರಿಗೇನ್ ಕಡಿಮಿ ಆಗ್ತೈತಿ?"

ಅತ್ತೆ ಎದ್ದು ನಿಂತಳು. ಮಗ ಬೇಕೆಂದು ಮೂರು ಗಾಡಿ ಬದಲಿಸಿ ಬಂದವಳು ಆಕೆ. ಮೊಮ್ಮಗ ಎದುರಿಗಿದ್ದ. ಅವನು ಹೇಳಿದಂತೆ ಕೇಳಿದ್ದರೆ ಆಕೆಗೆ ಎಲ್ಲವೂ ಸಿಗುತ್ತಿತ್ತು, ನನ್ನ ಸೊಕ್ಕೂ ಮುರಿಯುತ್ತಿತ್ತು. ನಾನು ಅದನ್ನೇ ಕಾಯುತ್ತ ಕೈ ಕಟ್ಟಿ ನಿಂತಿದ್ದೆ. ಆಕೆ ಮಗನನ್ನು ಬಿಟ್ಟು ನನ್ನ ಕಡೆ ತಿರುಗಿದಳು, ಪೂರ್ತಿ ಮುಖ ತಿರುಗಿಸಿ.

"ನಿನಗ ಇವ ಬೇಕೇನು?"

ಅಲ್ಲಿಯವರೆಗೆ ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಏನು ಬೇಕೆಂದು ಕೇಳಿರಲಿಲ್ಲ. ಮದುವೆಗೂ ಕೇಳಿರಲಿಲ್ಲ. ಗಂಡ ಆಗ ಮೊದಲ ಸಲ ನನ್ನ ಕಡೆ ನೋಡಿದ. ಆ ನೋಟದಲ್ಲಿ ನಾನು ಏನು ಹೇಳುತ್ತೇನೆ ಎಂಬುದರ ಬಗ್ಗೆ ಅನುಮಾನವೇ ಇರಲಿಲ್ಲ.

"ಬ್ಯಾಡ್ರಿ" ಅಂದೆ.

"ಹಂಗಾರ ಮುಂದ ನಡಿ."

ಅವನು ಅಡ್ಡ ಬಂದ. ಅತ್ತೆ ಅವನನ್ನು ಅಂಗಳದ ಗಿಡವೊಂದನ್ನು ಬಳಸುವಂತೆ ಬಳಸಿ ಹೋದಳು. ಬೇಲಿ ದಾಟುವಾಗ ನಿಂತು, "ಆ ಹುಡುಗಿಗಿ ಹೇಳು, ಇವನ ಮಾತು ನಂಬಬ್ಯಾಡ ಅಂತ" ಅಂದಳು. ನಾನು ಮರಾಠಿಯಲ್ಲಿ ಹೇಳಿದೆ. ಆ ಹುಡುಗಿ ಗಂಡನನ್ನು ನೋಡಿದ ರೀತಿ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳ ಮೇಲೆ ನನಗೆ ಸಿಟ್ಟು ಬರಲೇ ಇಲ್ಲ.

ಧರ್ಮಶಾಲೆಯಲ್ಲಿ ಮಲಗಿ ಬೆಳಿಗ್ಗೆ ಅದೇ ಮೋಟಾರು ಹತ್ತಿದೆವು. ಇಳಿದು ಬಂದ ತಿರುವುಗಳನ್ನೆಲ್ಲ ಅದು ನರಳುತ್ತ ಏರಿತು. ಅತ್ತೆ ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಘಾಟದ ನೆತ್ತಿಗೆ ಬಂದ ಮೇಲೆ, ಮುಂದೆ ನೋಡುತ್ತಲೇ ಹೇಳಿದಳು: "ನಿನ್ನ ಮ್ಯಾಲ ಮಾಯೆ ಬಂದೈತಿ ಅಂತ ತಿಳ್ಕೋಬ್ಯಾಡ. ನಿನ್ನ ಕಂಡರ ನನಗ ಮೊದಲಿನಂಗ ಬ್ಯಾಸರ."

"ನನಗೂರಿ" ಅಂದೆ.

ಆಕೆ ತಲೆಯಾಡಿಸಿದಳು. ಲೆಕ್ಕ ಸರಿಯಿದೆ ಅನ್ನುವ ಹಾಗೆ.

ಊರಿಗೆ ಬಂದವಳೇ ಅತ್ತೆ ತನ್ನ ಮಗ ಸತ್ತನೆಂದು ಸಾರಿದಳು. ಕೇಳಿದವರಿಗೆಲ್ಲ ಅದೊಂದೇ ಉತ್ತರ. ಓಣಿಯ ಹೆಂಗಸರು ಅಳುತ್ತ ಬಂದು ಕೂತರು. ನಿಜ ಸಂಗತಿ ತೆಂಗಿನಕಾಯಿ ವ್ಯಾಪಾರಿಯ ಕಡೆಯಿಂದ ಅಷ್ಟಿಷ್ಟು ಗೊತ್ತಾದವರು ಮುಸಿಮುಸಿ ನಕ್ಕರು. ಅತ್ತೆಯ ತಮ್ಮ ಊರ ಹಿರಿಯರನ್ನು ಕರೆದುಕೊಂಡು ಬಂದು, ಮಗ ಸತ್ತದ್ದು ನಿಜವಾದರೆ ಸೊಸೆಯ ಬಳೆ ಒಡೆಸಬೇಕು, ಕುಂಕುಮ ಅಳಿಸಬೇಕು ಅಂದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಕೈ ತಾನಾಗಿ ಬಳೆಗಳ ಮೇಲೆ ಹೋಯಿತು.

"ಸತ್ತಾಂವ ನನ್ನ ಮಗ" ಅಂದಳು ಅತ್ತೆ. "ಇಕಿ ಗಂಡ ಜೀವಂತ ಅದಾನ. ಇಕಿ ಬಳಿಗಿ ಕೈ ಹಚ್ಚಿದಾವರ ಕೈ ನಾ ಮುರೀತೀನಿ."

ಮುದುಕಿಗೆ ಬುದ್ಧಿಭ್ರಮೆಯಾಗಿದೆ ಎಂದು ಹಿರಿಯರು ಎದ್ದು ಹೋದರು. ಬಳೆ ಉಳಿದವು. ಕೆಲ ದಿನಕ್ಕೆ ಸೊಲ್ಲಾಪುರದಿಂದ ಅಪ್ಪ ನನ್ನನ್ನು ಕರೆದೊಯ್ಯಲು ಬಂದ. ಅತ್ತೆ ತಡೆಯಲಿಲ್ಲ, ಹೋಗುವವಳು ಹೋಗಲಿ, ತನಗೆ ಹೊಲದಲ್ಲಿ ಕೆಲಸವಿದೆ ಎಂದು ಕುಡುಗೋಲು ತೆಗೆದುಕೊಂಡು ಹೊರಟೇಹೋದಳು. ಅಪ್ಪನ ಅಂಗಡಿಯ ಹಿಂದಿನ ಕೋಣೆ, ಅಲ್ಲಿ ಅಣ್ಣ ಅತ್ತಿಗೆಯರ ನಡುವೆ ಬಿಟ್ಟುಬಂದವಳಾಗಿ ಕೂಡುವುದು ನನ್ನ ಕಣ್ಣ ಮುಂದೆ ಬಂತು. ನಾನು ಹೋಗಲಿಲ್ಲ. ಸಂಜೆ ಹೊಲದಿಂದ ಬಂದವಳು ನನ್ನನ್ನು ಕಂಡು, "ಇನ್ನೂ ಇಲ್ಲೇ ಅದಿ?" ಅಂದಳು. ನನ್ನ ರೊಟ್ಟಿ ಎಂದಿನಂತೆ ಎಮ್ಮೆಗೆ ಹೋಯಿತು.

ಮಾವನ ಹೊಲ ಮಗನಿಗೆ ಸೇರಿದ್ದು. ಅದನ್ನು ಆಕೆ ಮುಟ್ಟಲಿಲ್ಲ. ಆದರೆ ಮದುವೆಯಲ್ಲಿ ಆಕೆಯ ಅಪ್ಪ ನಾಗಣಸೂರದಲ್ಲೇ ಕೊಂಡು ಮಗಳ ಹೆಸರಿಗೆ ಕೊಟ್ಟ ಒಂದು ಎರೆ ಹೊಲವಿತ್ತು, ಹಳ್ಳದ ದಂಡೆಗೆ. ಮುಂದಿನ ಯುಗಾದಿ ಕಳೆದ ಮೇಲೆ ನನ್ನನ್ನು ಅಕ್ಕಲಕೋಟೆಯ ಕಚೇರಿಗೆ ಕರೆದುಕೊಂಡು ಹೋಗಿ ಅದನ್ನು ನನ್ನ ಹೆಸರಿಗೆ ಮಾಡಿಸಿದಳು. ದಾರಿಯಲ್ಲಿ ಏನೂ ಹೇಳಿರಲಿಲ್ಲ. ತನ್ನ ಹೆಬ್ಬೆರಳು ಒತ್ತಿ ಮಸಿಯನ್ನು ಗೋಡೆಗೆ ಒರೆಸುತ್ತ, "ಬರ್ಯಾಕ ಬರ್ತೈತಲ್ಲ, ಬರಿ" ಅಂದಳು. ನಾನು ಸಹಿ ಹಾಕಿದೆ.

ಅದರಿಂದ ನಮಗೆ ಬಂದ ವೈರಿಗಳು ಕಡಿಮೆಯಿಲ್ಲ. ತನ್ನ ಅಪ್ಪ ಕೊಂಡ ಹೊಲ ಪೇಟೆಯವಳ ಪಾಲಾಯಿತೆಂದು ಅತ್ತೆಯ ತಮ್ಮ ಮಾತು ಬಿಟ್ಟ. ಅವನ ಮಕ್ಕಳು ಹಾಲುಗಾಳು ಕಟ್ಟಿದ ಜೋಳಕ್ಕೆ ದನ ಬಿಟ್ಟರು, ನಮ್ಮ ಹೊಲಕ್ಕೆ ಬರುವ ಆಳುಗಳನ್ನು ಬೆದರಿಸಿದರು. ಅತ್ತೆ ಕೋಲು ಹಿಡಿದು ಬದುವಿನ ಮೇಲೆ ಕೂತಳು. ಆ ಕಡೆಯ ತುದಿಗೆ ನನ್ನನ್ನು ಕೂಡಿಸಿದಳು. ಹಾಗೆ ಎಷ್ಟೋ ಸುಗ್ಗಿ, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಹೊಲದ ಎರಡು ಬದುಗಳನ್ನು ಕಾಯ್ದೆವು.

ಒಮ್ಮೆ ಮಧ್ಯಾಹ್ನ, ಬುತ್ತಿ ಬಿಚ್ಚುವಾಗ, ಕೇಳಿಬಿಟ್ಟೆ. ನನ್ನನ್ನು ಕಂಡರೆ ಆಗದು, ಆದರೂ ಹೊಲ ಯಾಕೆ ಕೊಟ್ಟಿರಿ ಎಂದು. ಆಕೆ ಉಳ್ಳಾಗಡ್ಡಿ ಗುದ್ದುತ್ತಿದ್ದವಳು ನಿಲ್ಲಿಸಿದಳು.

"ಅವತ್ತು ಕೇಳಿದೆ, ನೀ ಬ್ಯಾಡ ಅಂದಿ. ನನಗ ಯಾರೂ ಕೇಳಿದ್ದಿಲ್ಲ. ಕೇಳಿದ್ದರೂ ನಾ ಬ್ಯಾಡ ಅಂತಿದ್ದೆನೋ ಇಲ್ಲೋ."

ಮಾವನಿಗೂ ಒಂದು ಕಾಲದಲ್ಲಿ ಇನ್ನೊಂದು ಮನೆ ಇತ್ತೆಂದು ಊರಲ್ಲಿ ಹಳಬರು ಆಡುತ್ತಿದ್ದ ಮಾತು ನನಗೆ ಆಗ ನೆನಪಾಯಿತು. ಮುಂದೆ ಕೇಳಲು ಆಕೆ ಬಿಡಲಿಲ್ಲ. "ಉಣ್ಣು ಲಗೂನ. ದನ ಬಂದಾವು" ಅಂದಳು.

ಒಂದು ವರ್ಷ ಜೋಳ ತೆನೆ ಬಲಿಯುವ ಚಳಿಯಲ್ಲಿ ಆಕೆ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿತ್ತು. ಸೊಲ್ಲಾಪುರದ ಡಾಕ್ಟರನ್ನು ಕರೆಸಿದೆ. ಅವರು ಕೊಟ್ಟ ಔಷಧವನ್ನು ನಾನು ನೋಡದಾಗ ಉಗುಳುತ್ತಿದ್ದಳು. ಕಡೆಯ ದಿನ ಜ್ವರ ನೋಡಲು ಹಣೆಯ ಮೇಲೆ ಕೈ ಇಟ್ಟಾಗ, "ಕೈ ತಣ್ಣಗ ಅದಾವ, ತಗಿ" ಅಂದಳು. ಮುಂದೆ ಮಾತಾಡಲಿಲ್ಲ. ಅವತ್ತು ಸಂಜೆಯೊಳಗೆ ಹೋದಳು. ಆಕೆಯ ಹೊಲದಲ್ಲೇ, ಹಳ್ಳದ ಕಡೆಯ ಮೂಲೆಯಲ್ಲಿ, ಲಿಂಗ ಕೈಯಲ್ಲಿಟ್ಟು ಮಣ್ಣು ಮಾಡಿದೆವು.

ಕೊಯ್ಲು ನಡೆದಿದ್ದಾಗ ನನ್ನ ಗಂಡ ಬಂದ. ಯಾರಿಂದಲೋ ಕೇಳಿ ತಿಳಿದಿದ್ದ. ಮಣ್ಣಿನ ದಿಬ್ಬದ ಹತ್ತಿರ ಕೂತು ದನಿ ತೆಗೆದು ಅತ್ತ. ಅವನು ಅಳುವಷ್ಟು ಹೊತ್ತೂ ನಾನು ಕೊಯ್ಲು ನಿಲ್ಲಿಸಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಹೊಲವನ್ನು ಆ ಬದುವಿನಿಂದ ಈ ಬದುವಿನವರೆಗೆ ನೋಡಿ, ನನ್ನ ಹತ್ತಿರ ಬಂದು, ಇದು ನಮ್ಮವ್ವನ ಹೊಲ ಅಂದ.

"ನಿಮ್ಮವ್ವ ಪ್ಲೇಗಿನಾಗ ಸತ್ತಾಳ" ಅಂದೆ. "ಈ ಮಣ್ಣಾಗ ಇದ್ದಾಕಿ ನನ್ನ ಅತ್ತಿ."

ಅವನು ಇನ್ನೂ ಏನೋ ಹೇಳುವವನಿದ್ದ. ಸಾಲಿನಲ್ಲಿದ್ದ ಹೆಂಗಸರೆಲ್ಲ ಕುಡುಗೋಲು ಹಿಡಿದು ನೆಟ್ಟಗಾಗಿ ನಿಂತದ್ದನ್ನು ಕಂಡು ಹಳ್ಳದ ದಾರಿ ಹಿಡಿದ. ಮತ್ತೆ ಬರಲಿಲ್ಲ.

ನನ್ನ ಪಕ್ಕದಲ್ಲಿ ಕೊಯ್ಯುತ್ತಿದ್ದವಳು ಹಳೆಯ ಆಳು, ಅತ್ತೆಯ ಕಾಲದವಳು. ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಅಕ್ಕಾರ, ಥೇಟ್ ನಿಮ್ಮತ್ತಿ ಮಾತಾಡಿದಂಗ ಆತು ನೋಡ್ರಿ" ಅಂದಳು. ಅವಳ ಮಟ್ಟಿಗೆ ಅದು ಹೊಗಳಿಕೆಯೇ. ನನಗೆ ಮಾತ್ರ ಸಿಟ್ಟು ಬಂತು. ಮತ್ತೆ ಕೊಯ್ಲಿಗೆ ಬಗ್ಗಿದೆ.

ಆ ಹೊಲದ ಜೋಳ ಉಂಡೇ ಇಲ್ಲಿಯವರೆಗೆ ಬದುಕಿದ್ದೇನೆ. ಯಾರ ಮುಂದೆಯೂ ಕೈ ಒಡ್ಡಿಲ್ಲ, ಯಾರ ಹಿಂದಿನ ಕೋಣೆಯಲ್ಲೂ ಕೂತಿಲ್ಲ. ಆದರೂ ಆಕೆಯ ಮೇಲೆ ನನಗೆ ಪ್ರೀತಿ ಇತ್ತೆಂದು ಬರೆಯಲಾರೆ. ಹಾಗೆ ಬರೆದರೆ ಮೊದಲು ಸಿಟ್ಟಾಗುವವಳು ಆಕೆಯೇ.